ಹ್ಯಾಕೆಟ್ ಅಕಾಡೆಮಿಯ ಬೆಳ್ಳಿಹಬ್ಬ

ಮಿಸಿಸಿಪ್ಪಿಯ ಖಾಸಗಿ ಶಾಲೆಗಳಲ್ಲಿ ಇತಿಹಾಸ ಕಲಿಸುವವನಿಗೆ ಮುಖ್ಯವಾಗಿ ಇರಬೇಕಾದದ್ದು ಕೊರಳಲ್ಲಿ ಒಂದು ಸೀಟಿ. ಫುಟ್‌ಬಾಲ್ ಕೋಚ್‌ಗೆ ಮಧ್ಯಾಹ್ನ ಮೈದಾನಕ್ಕೆ ಇಳಿಯುವವರೆಗೆ ಏನಾದರೂ ಕೆಲಸ ಕೊಡಬೇಕಲ್ಲ. ಗಣಿತ ಕೊಟ್ಟರೆ ತಪ್ಪು ಬೇಗ ಗೊತ್ತಾಗುತ್ತದೆ. ಇಂಗ್ಲಿಷ್ ಕೊಟ್ಟರೆ ಕಾದಂಬರಿ ಓದುವ ತಾಯಂದಿರಿಗೆ ಗೊತ್ತಾಗುತ್ತದೆ. ಇತಿಹಾಸವೆಂದರೆ ಸತ್ತವರ ವಿಷಯ, ದೂರು ಕೊಡಲು ಯಾರೂ ಎದ್ದು ಬರುವುದಿಲ್ಲ. ಹ್ಯಾಕೆಟ್ ಅಕಾಡೆಮಿಯಲ್ಲೂ ಹೀಗೇ ನಡೆದುಕೊಂಡು ಬಂದಿತ್ತು. 1993ರ ಬೇಸಿಗೆಯಲ್ಲಿ ಅಲ್ಲಿನ ಕೋಚ್ ಹೆಚ್ಚಿನ ಸಂಬಳ ಸಿಕ್ಕಿತೆಂದು ಅಲಬಾಮಾಗೆ ಹೊರಟುಹೋದ. ಅವನ ಜಾಗಕ್ಕೆ ಬಂದವನಿಗೆ ಓದು ಬರುತ್ತದೆಯೇ ಎಂಬುದೇ ಅನುಮಾನವಾಗಿತ್ತು. ಹೆಡ್‌ಮಾಸ್ಟರ್ ಹಡ್ಸನ್ ಪ್ರೂಯಿಟ್ ವಿಧಿಯಿಲ್ಲದೆ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟ. ಬಂದದ್ದು ಒಂದೇ ಅರ್ಜಿ, ಐವತ್ತರ ಹೆಂಗಸು ಆರ್ಡೆಲಾ ಮಗೀಯದು.

ಅವಳು ಕಪ್ಪು ಹೆಂಗಸೆಂದು ತಿಳಿದಾಗ ಪ್ರೂಯಿಟ್ ಮೊದಲು ಬೆವರಿದ, ಆಮೇಲೆ ಖುಷಿಪಟ್ಟ. ತೆರಿಗೆ ವಿನಾಯಿತಿ ಬೇಕಾದರೆ ಶಾಲೆ ಬಣ್ಣದ ಭೇದ ಮಾಡುವುದಿಲ್ಲ ಎಂದು ತೋರಿಸಬೇಕಿತ್ತು. ತೋರಿಸಲು ಅವನ ಬಳಿ ಇದ್ದವರು ಅಡಿಗೆಯವಳು ಮತ್ತು ಕಸ ಗುಡಿಸುವವನು ಮಾತ್ರ. ಅವರನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲವೆಂದು ತೆರಿಗೆಯವರು ಖಡಾಖಂಡಿತವಾಗಿ ಹೇಳಿದ್ದರು. ಈಗ ದೇವರೇ ಒಬ್ಬ ಟೀಚರನ್ನು ಕಳಿಸಿದ್ದಾನೆ, ಅದೂ ಎಂ.ಎ. ಮಾಡಿದವಳು ಎಂದು ಅವನು ಆಡಳಿತ ಮಂಡಳಿಗೆ ವಿವರಿಸಿದ. ದೇವರ ಹೆಸರು ಬಂದಮೇಲೆ ಮಂಡಳಿಯವರು ಒಪ್ಪಿದರು.

ಆರ್ಡೆಲಾಳ ಕಡೆಯವರು ಅಷ್ಟು ಸುಲಭವಾಗಿ ಒಪ್ಪಲಿಲ್ಲ. ಅವಳ ತಂಗಿ ಕ್ಲೀಟಾ ರೈಲು ಹಳಿಯ ಆಚೆ, ಕಪ್ಪು ಜನರ ಕೇರಿಯಲ್ಲಿ ಹೆಂಗಸರ ಕೂದಲು ನೇರ ಮಾಡುವ ಅಂಗಡಿ ಇಟ್ಟಿದ್ದಳು. ಕಾದ ಕಬ್ಬಿಣದ ಬಾಚಣಿಗೆಯ ವಾಸನೆಯ ನಡುವೆ ಆ ಊರಿನ ಎಲ್ಲ ತೀರ್ಪುಗಳೂ ಅಲ್ಲೇ ಹೊರಬೀಳುತ್ತಿದ್ದವು.

“ಹೋಗಿ ಹೋಗಿ ಆ ಹುತ್ತಕ್ಕೇ ಕೈ ಹಾಕ್ತೀಯಲ್ಲೇ ಅಕ್ಕ,” ಎಂದಳು ಕ್ಲೀಟಾ. “ಪಿಂಚಣಿ ಸಾಲಲ್ವಾ ನಿಂಗೆ?”

“ಸಾಲತ್ತೆ. ಮನೇಲಿ ಕೂತ್ರೆ ಟೀವೀಲಿ ಬರೋ ದಡ್ಡರ ಜೊತೆ ಜಗಳ ಆಡ್ತೀನಿ. ಅವ್ರಿಗೆ ಕೇಳ್ಸಲ್ಲ.”

“ಆ ಬಿಳಿಯರ ಮಕ್ಕಳಿಗೆ ಮಾತ್ರ ಕೇಳ್ಸತ್ತಾ?” ತಲೆ ಬಗ್ಗಿಸಿ ಕುರ್ಚಿಯಲ್ಲಿ ಕೂತಿದ್ದ ಗಿರಾಕಿ ಕೇಳಿದಳು.

“ಕೇಳ್ಸದಿದ್ರೆ ಮಾರ್ಕು ಕಳೀತೀನಿ.”

“ನಿಜ ಹೇಳೇ ಅಕ್ಕ. ಯಾಕೆ ಹೋಗ್ತಿದೀಯ?”

“ನನ್ನ ಡೆಸ್ಕುಗಳು ಅಲ್ಲಿವೆ,” ಎಂದಳು ಆರ್ಡೆಲಾ. ಅಂಗಡಿಯಲ್ಲಿ ಯಾರೂ ಮತ್ತೆ ಕೇಳಲಿಲ್ಲ. ಆ ಕಥೆ ಅಲ್ಲಿ ಎಲ್ಲರಿಗೂ ಗೊತ್ತಿತ್ತು.

ಕಥೆ ಇಷ್ಟು. 1970ರ ಜನವರಿಯಿಂದ ಕಪ್ಪು ಮಕ್ಕಳೂ ಬಿಳಿ ಮಕ್ಕಳೂ ಒಂದೇ ಸರಕಾರಿ ಶಾಲೆಯಲ್ಲಿ ಓದಬೇಕೆಂದು ನ್ಯಾಯಾಲಯದ ಆಜ್ಞೆಯಾಯಿತು. ಕಪ್ಪು ಮಕ್ಕಳ ಶಾಲೆಗೆ ಬೀಗ ಬಿತ್ತು. ಆಗ ಇಪ್ಪತ್ತಾರರ ಹುಡುಗಿಯಾಗಿದ್ದ ಆರ್ಡೆಲಾ ಹೊಸ ಕೋಟು ತೊಟ್ಟು ತನ್ನ ತರಗತಿಯನ್ನು ಕರೆದುಕೊಂಡು, ಬಿಳಿಯರದ್ದಾಗಿದ್ದ ಹೈಸ್ಕೂಲಿನೊಳಗೆ ಹೋದಳು. ಅಲ್ಲಿ ಬಿಳಿ ಮಕ್ಕಳಿರಲಿಲ್ಲ. ಡೆಸ್ಕುಗಳೂ ಇರಲಿಲ್ಲ. ಭೂಪಟಗಳು ಹೋಗಿದ್ದವು, ಅವನ್ನು ತೂಗುಹಾಕಿದ್ದ ಮೊಳೆಗಳು ಇದ್ದವು. ಪಂದ್ಯದಲ್ಲಿ ಗೆದ್ದ ಟ್ರೋಫಿಗಳನ್ನಿಡುವ ಗಾಜಿನ ಪೆಟ್ಟಿಗೆಯಲ್ಲಿ ಧೂಳಿನ ಮೇಲೆ ದುಂಡಗಿನ ಗುರುತುಗಳು ಮಾತ್ರ ಉಳಿದಿದ್ದವು. ಕ್ರಿಸ್‌ಮಸ್ ರಜೆಯಲ್ಲಿ ಬ್ಯಾಪ್ಟಿಸ್ಟ್ ಚರ್ಚಿನ ನೆಲಮಾಳಿಗೆಯಲ್ಲಿ ಹ್ಯಾಕೆಟ್ ಅಕಾಡೆಮಿ ಎಂಬ ಹೊಸ ಶಾಲೆ ಹುಟ್ಟಿತ್ತು. ಹುಟ್ಟಿದ ಮಗುವಿಗೆ ಹಲ್ಲೂ ಮೂಡಿತ್ತು, ತಲೆಗೂದಲೂ ಬಂದಿತ್ತು, ಕುರ್ಚಿಗಳೂ ಇದ್ದವು.

ಇಪ್ಪತ್ತಮೂರು ವರ್ಷದ ಮೇಲೆ ಅಕಾಡೆಮಿಯಲ್ಲಿ ಕೆಲಸಕ್ಕೆ ಸೇರಿದ ಮೊದಲ ದಿನ ಆರ್ಡೆಲಾ ಒಂದು ಡೆಸ್ಕನ್ನು ಬೋರಲು ಹಾಕಿ ನೋಡಿದಳು. ಅಡಿಯಲ್ಲಿ ಸರಕಾರಿ ಶಾಲೆಯ ಮುದ್ರೆ ಸುಟ್ಟ ಅಕ್ಷರಗಳಲ್ಲಿ ಹಾಗೇ ಇತ್ತು. ಅಳಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಅವಳು ಡೆಸ್ಕನ್ನು ನೆಟ್ಟಗೆ ನಿಲ್ಲಿಸಿ, ಕೈ ಒರೆಸಿಕೊಂಡು ಹಾಜರಿ ಕರೆದಳು.

ಕಲಿಸುವುದರಲ್ಲಿ ಅವಳಿಗೆ ತನ್ನದೇ ಒಂದು ರೀತಿಯಿತ್ತು. ಏನನ್ನೂ ತಾನಾಗಿ ಹೇಳುತ್ತಿರಲಿಲ್ಲ, ಕೇಳುತ್ತಿದ್ದಳು. ಎಂಟನೇ ತರಗತಿಯ ಮಕ್ಕಳು ಅಮೆರಿಕದ ಉತ್ತರ-ದಕ್ಷಿಣ ರಾಜ್ಯಗಳ ಅಂತರ್ಯುದ್ಧ ಯಾಕಾಯಿತು ಎಂಬುದಕ್ಕೆ ಮನೆಯಿಂದಲೇ, ಗುಲಾಮಗಿರಿಯ ಹೆಸರೆತ್ತದ ಉತ್ತರ ಕಟ್ಟಿಕೊಂಡು ಬಂದಿದ್ದವು.

“ಸುಂಕಕ್ಕೋಸ್ಕರ, ಮಿಸ್.”

“ಯಾವುದರ ಸುಂಕ?”

“ಹತ್ತಿ ಮಾರಿ ಬಂದ ದುಡ್ಡಲ್ಲಿ ಸಾಮಾನು ತರಿಸ್ತಿದ್ವಲ್ಲ, ಅದರ ಸುಂಕ.”

“ಹತ್ತಿ ಬಿಡಿಸ್ತಿದ್ದೋರು ಯಾರು?”

ತರಗತಿ ಕಿಟಕಿಯ ಕಡೆ ನೋಡಿತು. ಟೆಂಪಲ್ ಕ್ಲೌವರ್ ಎಂಬ ತೆಳ್ಳನೆಯ ಹುಡುಗಿ ಕೈ ಎತ್ತಿದಳು. “ಯಂತ್ರಾನಾ, ಮಿಸ್?”

“ಆ ಯಂತ್ರಕ್ಕೆ ಹೆಸರಿತ್ತಾ?”

“ಗೊತ್ತಿಲ್ಲ, ಮಿಸ್.”

“ಇತ್ತು. ಪೇಶನ್ಸ್ ಅಂತ. ನನ್ನ ಅಜ್ಜಿಯ ಅಜ್ಜಿ. ಬರ್ಕೊಳ್ಳಿ.”

“ಪರೀಕ್ಷೆಗೆ ಬರತ್ತಾ, ಮಿಸ್?”

“ನಾನು ಹೇಳಿದ್ದೆಲ್ಲಾ ಬರತ್ತೆ. ನಾನು ಹೇಳ್ದೇ ಇದ್ದಿದ್ದೂ ಬರತ್ತೆ.”

ಮಕ್ಕಳಿಗೆ ಅವಳನ್ನು ಕಂಡರೆ ಭಯವಿತ್ತು. ಭಯ ಪಡಿಸುವ ಟೀಚರನ್ನು ಮಕ್ಕಳು ಮೆಚ್ಚುವುದೂ ಉಂಟು. ದೂರು ತಂದವರು ಅಪ್ಪಂದಿರು. ಪ್ರೂಯಿಟ್ ಅವಳನ್ನು ಕೋಣೆಗೆ ಕರೆಸಿ, ಕಾಫಿ ಕೊಡಿಸಿ, “ಸ್ವಲ್ಪ ಸಮತೋಲನ ಇರ್ಲಿ, ಮಿಸೆಸ್ ಮಗೀ. ಎರಡೂ ಕಡೆಯವರ ವಿಷಯ ಹೇಳಿ,” ಎಂದ.

“ಹತ್ತಿ ಬಿಡಿಸ್ದೋರು ಒಂದು ಕಡೆ, ಚಾವಟಿ ಹಿಡಿದು ನಿಂತೋರು ಇನ್ನೊಂದು ಕಡೆ. ಎರಡೂ ಹೇಳ್ತಿದೀನಲ್ಲ ಸರ್. ಮೂರನೇ ಕಡೆ ಯಾವುದಾದ್ರೂ ಇದೆಯಾ?”

ಪ್ರೂಯಿಟ್ ಕೆಟ್ಟವನಲ್ಲ. ಮೆಂಫಿಸ್ ನಗರದಿಂದ ಬಂದವನು, ಇನ್ನೂ ನಲವತ್ತು ತುಂಬಿರಲಿಲ್ಲ, ಶಾಲೆಗೆ ಕಂಪ್ಯೂಟರ್ ತರಿಸಿದ್ದ. ಜನಾಂಗ ಎಂಬ ಮಾತು ಅವನ ಬಾಯಿಂದ ಹೊರಡುತ್ತಿರಲಿಲ್ಲ. ‘ಆ ವಿಷಯ’ ಎನ್ನುತ್ತಿದ್ದ, ಮನೆಯಲ್ಲಿ ಯಾರಿಗೋ ಇರುವ ಮೂಲವ್ಯಾಧಿಯನ್ನು ನೆಂಟರೆದುರು ಹೇಳುವ ಹಾಗೆ.

1994ರ ಚಳಿಗಾಲ ಹತ್ತಿರವಾದಂತೆ ಅವನಿಗೆ ಬೆಳ್ಳಿಹಬ್ಬದ ಜ್ವರ ಹತ್ತಿತು. ಬರುವ ಜನವರಿಗೆ ಶಾಲೆಗೆ ಇಪ್ಪತ್ತೈದು ವರ್ಷ. ಊರಿನ ಬಿಳಿಯರೆಲ್ಲ ಸೇರುತ್ತಾರೆ, ರಾಜಧಾನಿ ಜ್ಯಾಕ್ಸನ್‌ನಿಂದ ಪತ್ರಿಕೆಯವರೂ ಬರುತ್ತಾರೆ. ಅವನು ಆರ್ಡೆಲಾಳನ್ನು ಮತ್ತೆ ಕರೆಸಿದ. ಈ ಸಲ ಕಾಫಿಯ ಜೊತೆ ಕೇಕೂ ಇತ್ತು. ಕೇಕು ನೋಡಿದ ಕೂಡಲೇ ಅವಳು ಎಚ್ಚರವಾದಳು.

“ಶಾಲೆ ಹುಟ್ಟಿದ ಕಥೆ ವೇದಿಕೆ ಮೇಲೆ ಯಾರಾದ್ರೂ ಹೇಳ್ಬೇಕಲ್ಲ. ನೀವು ಹೇಳಿದ್ರೆ ಚೆನ್ನಾಗಿರತ್ತೆ ಅಂತ ಮಂಡಳಿಯವರ ಆಸೆ. ನೀವು ಬರ್ಯೋ ಕಷ್ಟ ತಗೋಬೇಡಿ, ನಾನೇ ಬರ್ದಿದೀನಿ. ಓದಿದ್ರೆ ಸಾಕು.”

ಅವಳು ಹಾಳೆ ತೆಗೆದುಕೊಂಡು ಗಟ್ಟಿಯಾಗಿಯೇ ಓದಿದಳು. “‘ಶ್ರೇಷ್ಠ ಶಿಕ್ಷಣ ಮತ್ತು ಕ್ರೈಸ್ತ ಮೌಲ್ಯಗಳ ಹಂಬಲದಿಂದ ಕೆಲವು ಕುಟುಂಬಗಳು ಒಂದುಗೂಡಿ...’ ಈ ಹಂಬಲ ಆ ವರ್ಷದ ಕ್ರಿಸ್‌ಮಸ್ ರಜೇಲೇ ಯಾಕೆ ಬಂತಂತೆ, ಸರ್?”

“ಹಳೇದೆಲ್ಲ ಯಾಕೆ ಈಗ? ಸಂತೋಷದ ದಿನ.”

“ಇತಿಹಾಸದ ಟೀಚರಿಗೆ ಹಳೇದು ಯಾಕೆ ಅಂತ ಕೇಳ್ತೀರಲ್ಲ. ಇರ್ಲಿ. ನಾನೇ ಯಾಕೆ ಓದ್ಬೇಕು? ಕೋಚ್ ಇದ್ದಿದ್ರೆ ಅವನ ಕೈಲಿ ಓದಿಸ್ತಿದ್ರಾ?”

ಪ್ರೂಯಿಟ್ ಕೇಕನ್ನು ಅವಳ ಕಡೆ ಸರಿಸಿದ. “ಯೋಚನೆ ಮಾಡಿ ಹೇಳಿ. ಮಾರ್ಚಲ್ಲಿ ಹೇಗೂ ಮುಂದಿನ ವರ್ಷದ ಕರಾರು ಮಾತಾಡ್ಬೇಕಲ್ಲ, ನಾವಿಬ್ರೂ.”

ಬೆದರಿಕೆ ಅವಳಿಗೆ ಹೊಸದಲ್ಲ. ಹೊಸದು ಉಪಾಯ. ಆ ವಾಕ್ಯವನ್ನು ಬಿಳಿಯನೊಬ್ಬ ಹೇಳಿದರೆ ಅದು ಬರೀ ಸುಳ್ಳು, ಎಲ್ಲರಿಗೂ ಅಭ್ಯಾಸವಾದದ್ದು. ಖಾಲಿ ಕೋಣೆಯೊಳಗೆ ಕಾಲಿಟ್ಟ ಆರ್ಡೆಲಾ ಮಗೀಯೇ ಹೇಳಿದರೆ ಅದು ಸಂದಾಯವಾಯಿತೆಂದು ಸಹಿ ಹಾಕಿದ ರಸೀತಿ. ಬಾಕಿ ಏನೂ ಇಲ್ಲ, ಎಲ್ಲರೂ ಮನೆಗೆ ಹೋಗಬಹುದು.

ಶನಿವಾರ ಅವಳು ಇದನ್ನು ಅಂಗಡಿಯಲ್ಲಿ ಹೇಳಿದಳು.

“ಅವತ್ತು ಜ್ವರ ಬರಿಸ್ಕೋ,” ಎಂದಳು ಕ್ಲೀಟಾ.

“ನಾನು ಮಲಗಿದ್ರೆ ಆ ಹಾಳೇನ ಅವನೇ ಓದ್ತಾನೆ. ಮಕ್ಕಳು ಬಾಯಿಪಾಠ ಮಾಡ್ತವೆ.”

“ಹಾಗಾದ್ರೆ ಎದ್ದು ನಿಂತು ಇದ್ದಿದ್ದು ಇದ್ದ ಹಾಗೆ ಹೇಳ್ಬಿಡು, ಬ್ಯಾಗ್ ತಗೊಂಡು ಬಂದ್ಬಿಡು.”

“ನಾನು ಹೇಳಿದ್ರೆ ಏನಂತಾರೆ? ಕರಿ ಹೆಂಗಸು, ಹೊಟ್ಟೆಯುರಿ, ಹಬ್ಬದ ದಿನ ಕೊಳಕು ಮಾತಾಡಿದ್ಲು ಅಂತಾರೆ. ಕಥೆ ನಂದಾಗತ್ತೆ. ಮಾಡಿದೋರು ಅವ್ರು, ಕಥೆ ನಂದು.”

“ಮತ್ತೆ ಯಾರು ಹೇಳ್ಬೇಕೇ? ಅವರೇ ಬಂದು ಹೇಳ್ಬೇಕಾ?” ಎಂದು ಕ್ಲೀಟಾ ನಕ್ಕಳು. ಆರ್ಡೆಲಾ ನಗಲಿಲ್ಲ. ಅವಳಿಗೆ ಮಿಸ್ ಲಾಟಿ ಕ್ಲೌವರ್‌ಳ ನೆನಪಾಯಿತು.

ಮಿಸ್ ಲಾಟಿ ಎಂದರೆ ಟೆಂಪಲ್‌ಳ ಅಜ್ಜಿ, ಬ್ಯಾಂಕಿನ ಮಾಲೀಕನ ವಿಧವೆ, ಶಾಲೆ ಕಟ್ಟಿದವರಲ್ಲಿ ಉಳಿದವರ ಪೈಕಿ ಮುಖ್ಯಳು. ‘ಮಿಸ್’ ಎಂಬುದು ಆ ಸೀಮೆಯಲ್ಲಿ ಮದುವೆಯಾದ ಹಿರಿಯ ಹೆಂಗಸರಿಗೂ ಸಲ್ಲುವ ಮರ್ಯಾದೆ. ವ್ಯಾಯಾಮ ಸಭಾಂಗಣಕ್ಕೆ ಅವಳ ಗಂಡನ ಹೆಸರೇ ಇತ್ತು. ಆರ್ಡೆಲಾಳ ತಾಯಿ ಲುವೀನಿಯಾ ಆ ಮನೆಯಲ್ಲಿ ಬಟ್ಟೆ ಇಸ್ತ್ರಿ ಮಾಡಿ ಮಕ್ಕಳನ್ನು ಓದಿಸಿದವಳು. ತಾಯಿ ಹೇಳುತ್ತಿದ್ದದ್ದು ಹೀಗೆ: “ಆ ಹೆಂಗಸಿನ ಹತ್ರ ನೂರು ಕೆಟ್ಟ ಗುಣ ಇವೆ ಮಗಳೇ. ಸುಳ್ಳು ಹೇಳೋದೊಂದಿಲ್ಲ. ಯಾರಿಗೆ ಹೆದರಿ ಹೇಳ್ಬೇಕು ಅವಳು?”

ಸೋಮವಾರ ಆರ್ಡೆಲಾ ಹೆಡ್‌ಮಾಸ್ಟರನ ಬಾಗಿಲು ತಟ್ಟಿದಳು. “ಸರ್, ಶಾಲೆ ಕಟ್ಟಿದ ಹಿರಿಯರು ಮುಂದಿನ ಸಾಲಲ್ಲಿ ಕೂತಿರ್ತಾರೆ. ಅವರ ಎದುರಿಗೆ ಕೂಲಿಗೆ ಬಂದ ನಾನು ಅವರ ಕಥೆ ಹೇಳೋದು ಮರ್ಯಾದೆನಾ? ಮಿಸ್ ಲಾಟಿ ಮನಸ್ಸಿಗೆ ಏನನ್ಸತ್ತೆ? ಅವರೇ ಹೇಳ್ಲಿ. ನಾನು ಕೆಳಗೆ ಕೂತು ಚಪ್ಪಾಳೆ ತಟ್ತೀನಿ. ಬಾಯಿ ಬಿಡಲ್ಲ.”

ಆ ಸೀಮೆಯಲ್ಲಿ ಹಿರಿಯರ ಮರ್ಯಾದೆ ಎಂದುಬಿಟ್ಟರೆ ಎದುರು ಮಾತಿಲ್ಲ. ಪ್ರೂಯಿಟ್‌ಗಂತೂ ಹಾಲು ಕುಡಿದಷ್ಟು ಸಂತೋಷವಾಯಿತು. ಹೆಂಗಸು ಹೆದರಿದಳು, ಹಿಂದೆ ಸರಿಯಲು ಒಂದು ನೆಪ ಹುಡುಕಿದಳು ಎಂದುಕೊಂಡ. ಬಿಳಿ ಕೈಗವಸು ತೊಟ್ಟ, ಮುತ್ತಿನ ಸರದ, ಎಪ್ಪತ್ತೆಂಟರ ಮಿಸ್ ಲಾಟಿ ವೇದಿಕೆಯ ಮೇಲೆ ಹೂಕುಂಡದ ಹಾಗೆ ಕಾಣುತ್ತಾಳೆ, ಬರೆದುಕೊಟ್ಟದ್ದನ್ನು ಓದುತ್ತಾಳೆ. ಅವನು ಹೊರಗಿನವನು, ಅದಕ್ಕೇ ಮೋಸಹೋದ. ಕೆಲವು ಮಾತು ಆಡಬಾರದು ಎಂಬ ನಾಚಿಕೆ ತನಗೆ ಇರುವಂತೆ ಮುದುಕರಿಗೂ ಇರುತ್ತದೆ ಎಂದು ತಿಳಿದ. ಆ ನಾಚಿಕೆ ಅವನ ವಯಸ್ಸಿನವರ ಮನೆಗಳಿಗೆ ಮೈಕ್ರೋವೇವ್ ಒಲೆಯ ಜೊತೆಗೆ ಬಂದದ್ದು. ಹಳಬರ ಮನೆಯಲ್ಲಿ ಎರಡೂ ಇರಲಿಲ್ಲ.

ಆಹ್ವಾನಿಸಲು ಆರ್ಡೆಲಾ ತಾನೇ ಹೋದಳು. ಆ ಮನೆಯ ಮುಂಬಾಗಿಲ ಗಂಟೆ ಒತ್ತಿದ್ದು ಅದೇ ಮೊದಲು.

ಮಿಸ್ ಲಾಟಿ ಬಾಗಿಲು ತೆಗೆದು ಮೇಲಿಂದ ಕೆಳಗೆ ನೋಡಿದಳು. “ಲುವೀನಿಯಾ ಮಗಳಲ್ವಾ ನೀನು? ಮುಂದಿನ ಬಾಗಿಲಿಗೆ ಬಂದಿದೀಯ.”

“ಹಿಂದಿನ ಬಾಗಿಲಲ್ಲಿ ನಿಮ್ಮ ನಾಯಿ ಇರತ್ತಲ್ಲ, ಮಿಸ್ ಲಾಟಿ.”

“ಆ ನಾಯಿ ಸತ್ತು ಎಷ್ಟೋ ವರ್ಷ ಆಯ್ತು.”

“ನಂಗೆ ಯಾರೂ ಹೇಳಿಲ್ಲ.”

ಮುದುಕಿ ಗಂಟಲೊಳಗೇ ನಕ್ಕು ಒಳಗೆ ಕರೆದಳು. ಸಿಹಿ ಚಹಾ ಕೊಡಲಿಲ್ಲ, ಕೂರಲು ಹೇಳಿದಳು. ಅವಳ ಮಟ್ಟಿಗೆ ಅದೇ ದೊಡ್ಡದು. “ಪ್ರೂಯಿಟ್ ಒಂದು ಹಾಳೆ ಕಳಿಸಿದಾನೆ. ಹಂಬಲ ಅಂತೆ, ಮೌಲ್ಯ ಅಂತೆ. ನಾವೆಲ್ಲಿ ಹಂಬಲಿಸ್ಕೊಂಡು ಕೂತಿದ್ವಿ? ಬೆನ್ನು ಮುರಿಯೋ ಹಾಗೆ ದುಡಿದ್ವಿ. ಅದರ ಒಂದು ಸುದ್ದೀನೂ ಇಲ್ಲ ಅದರಲ್ಲಿ.”

“ಅವರು ಆಗ ಇಲ್ಲಿರ್ಲಿಲ್ಲವಲ್ಲ.”

“ಹಾಗಾದ್ರೆ ನಾನು ಏನು ಹೇಳ್ಲಿ?”

“ನೀವು ಕಟ್ಟಿದ ಶಾಲೆ, ಮಿಸ್ ಲಾಟಿ. ನಡೆದದ್ದು ಹೇಳಿ. ನಿಮಗೆ ಯಾರು ಅಡ್ಡ ಬರ್ತಾರೆ?”

ಇದು ಒಳಸಂಚು ಎನ್ನುವವರು ಎನ್ನಲಿ. ಬಾವಿ ತೋಡಿದವಳು ಆರ್ಡೆಲಾ ಅಲ್ಲ. ಅಲ್ಲಿ ಬಾವಿಯಿದೆ ಎಂದು ಪ್ರೂಯಿಟ್‌ಗೆ ಹೇಳುವ ಕೆಲಸಕ್ಕೆ ಅವಳಿಗೆ ಸಂಬಳ ಬರುತ್ತಿರಲಿಲ್ಲ.

ಬೆಳ್ಳಿಹಬ್ಬದ ದಿನ ಸಭಾಂಗಣ ತುಂಬಿತ್ತು. ಬಾಸ್ಕೆಟ್‌ಬಾಲ್ ಬುಟ್ಟಿಗಳಿಗೆ ನೀಲಿ, ಚಿನ್ನದ ಬಣ್ಣದ ಕಾಗದ ಸುತ್ತಿದ್ದರು. ಗೋಡೆಯ ಉದ್ದಕ್ಕೂ ಮೇಜುಗಳ ಮೇಲೆ ಕರಿದ ಕೋಳಿ, ಹಳದಿಗೆ ಮಸಾಲೆ ಬೆರೆಸಿ ತುಂಬಿದ ಮೊಟ್ಟೆ, ಒಂದಕ್ಕಿಂತ ಒಂದು ಭಾರವಾದ ಬೆಣ್ಣೆ ಕೇಕುಗಳು. ಪಾದ್ರಿ ಉದ್ದನೆಯ ಪ್ರಾರ್ಥನೆ ಮಾಡಿದ, ಕೋಳಿ ತಣ್ಣಗಾಯಿತು. ಆರ್ಡೆಲಾ ಟೀಚರುಗಳ ಸಾಲಿನಲ್ಲಿ ಬೂದುಬಣ್ಣದ ಸೂಟು ತೊಟ್ಟು ಕೈಕಟ್ಟಿ ಕೂತಿದ್ದಳು. ಮಿಸ್ ಲಾಟಿ ವೇದಿಕೆ ಹತ್ತಿ, ಪ್ರೂಯಿಟ್‌ನ ಹಾಳೆಯನ್ನು ಒಮ್ಮೆ ದೂರ ಹಿಡಿದು ನೋಡಿ, ಮಡಚಿ ಕೈಚೀಲಕ್ಕೆ ಹಾಕಿಕೊಂಡಳು.

“ಈ ಹುಡುಗ ಏನೋ ಬರ್ಕೊಟ್ಟಿದಾನೆ. ಚೆನ್ನಾಗಿದೆ. ಆದ್ರೆ ಅವನು ಆಗ ಮೆಂಫಿಸಲ್ಲಿ ಚಡ್ಡಿ ಹಾಕ್ಕೊಂಡು ಓಡಾಡ್ತಿದ್ದ. ನಾನು ಇಲ್ಲಿದ್ದೆ.”

ಜನ ನಕ್ಕರು. ಪ್ರೂಯಿಟ್ ಎಲ್ಲರಿಗಿಂತ ಜೋರಾಗಿ ನಕ್ಕ.

“ಜನವರಿಯಿಂದ ನಮ್ಮ ಮಕ್ಕಳೂ ಕರಿಯರ ಮಕ್ಕಳೂ ಒಂದೇ ಕೋಣೇಲಿ ಕೂರ್ಬೇಕು ಅಂತ ಕೋರ್ಟಿಂದ ಆರ್ಡರ್ ಬಂತು. ನಮ್ಮ ಯಜಮಾನ್ರು ಊಟ ಮಾಡ್ತಾ ಇದ್ದೋರು ಚಾಕು ಕೆಳಗಿಟ್ಟು, ‘ಲಾಟಿ, ಇದು ಆಗಲ್ಲ’ ಅಂದ್ರು. ನಾನೂ ಆಗಲ್ಲ ಅಂದೆ. ಈ ಶಾಲೆ ಸ್ಥಾಪನೆ ಅಂದ್ರೆ ಇಷ್ಟೇ ನೋಡಿ. ಮಿಕ್ಕಿದ್ದೆಲ್ಲಾ ಸಾಮಾನು ಸಾಗ್ಸಿದ್ದು.”

ಈಗ ನಕ್ಕವರು ಮುದುಕರು ಮಾತ್ರ. ಪ್ರೂಯಿಟ್ ಎದ್ದು ನಿಂತು ಚಪ್ಪಾಳೆ ತಟ್ಟತೊಡಗಿದ. “ಎಂಥಾ ಅಮೂಲ್ಯವಾದ ನೆನಪು! ಧನ್ಯವಾದ ಮಿಸ್ ಲಾಟಿ, ಈಗ ನಮ್ಮ ಬ್ಯಾಂಡಿನ ಮಕ್ಕಳು...”

“ಕೂತ್ಕೊಳೋ ಮಗು. ಇನ್ನೂ ಡೆಸ್ಕಿನ ವಿಷಯಕ್ಕೇ ಬಂದಿಲ್ಲ ನಾನು.”

ಪ್ರೂಯಿಟ್ ಕೂತ. ಆ ಊರಿನಲ್ಲಿ ಮಿಸ್ ಲಾಟಿ ಕೂರು ಎಂದರೆ ಪೊಲೀಸ್ ಮುಖ್ಯಸ್ಥ ಶೆರಿಫ್‌ನೂ ಕೂರುತ್ತಿದ್ದ.

“ಚರ್ಚಿನ ನೆಲಮಾಳಿಗೆ ಸಿಕ್ತು. ಮಕ್ಕಳನ್ನ ಕೂರ್ಸೋದು ಯಾವುದರ ಮೇಲೆ? ಆಗ ನಾನೇ ಅಂದೆ, ಹೈಸ್ಕೂಲಲ್ಲಿ ಡೆಸ್ಕು ಇವೆಯಲ್ಲ, ನಮ್ಮ ತೆರಿಗೆ ದುಡ್ಡಲ್ಲಿ ತಂದಿದ್ದು, ತಗೊಂಡು ಬರೋಣ ಅಂತ. ಕದ್ದುಮುಚ್ಚಿ ಅಲ್ಲ. ಹಾಡುಹಗಲಲ್ಲಿ, ಚರ್ಚ್ ಮುಗಿಸ್ಕೊಂಡು, ಎಲ್ರೂ ಹೊರಟ್ವಿ.”

“ಲಾರಿ ನಂದು, ಲಾಟಿ!” ಮೂರನೇ ಸಾಲಿನಿಂದ ಹಲ್ಲಿನ ಡಾಕ್ಟರಾಗಿದ್ದ ಮುದುಕ ಹಾಲಿಸ್ ಟಾರ್ಪ್ಲಿ ಕೋಲು ಕುಟ್ಟಿದ. “ನನ್ನ ಹೆಸರು ಹೇಳು!”

“ಹೇಳ್ತೀನಪ್ಪ. ಲಾರಿ ಹಾಲಿಸಂದು, ಪೆಟ್ರೋಲು ಬ್ಯಾಂಕಿಂದು.”

“ಗೆದ್ದ ಟ್ರೋಫಿಗಳ್ನ ಮರೀಬೇಡ!”

“ಟ್ರೋಫಿ ತಂದ್ವಿ, ಮ್ಯಾಪು ತಂದ್ವಿ, ಪಿಯಾನೋ ತಂದ್ವಿ. ಪಿಯಾನೋ ಮೆಟ್ಟಿಲಲ್ಲಿ ಸಿಕ್ಕಾಕ್ಕೊಳ್ತು. ಶೆರಿಫ್ ಬಂದ್ರು. ತಡೆಯೋಕಲ್ಲ, ಹೊರೋಕೆ. ಎಂಥಾ ದಿನ ಅದು! ಈಗಿನ ಕಾಲದಲ್ಲಿ ಯಾರು ಹಾಗೆ ಒಬ್ರಿಗೊಬ್ರು ಸಹಾಯ ಮಾಡ್ತಾರೆ?”

ಪತ್ರಿಕೆಯ ಹುಡುಗಿ ಬರೆದುಕೊಳ್ಳುತ್ತಿದ್ದಳು. ನಡುವಯಸ್ಸಿನ ಅಪ್ಪಂದಿರು ತಮ್ಮ ಬೂಟುಗಳನ್ನು ಪರೀಕ್ಷಿಸುತ್ತಿದ್ದರು. ಇವರೇ ಆಗ ಹುಡುಗರಾಗಿ ಆ ಡೆಸ್ಕುಗಳ ಮೇಲೆ ಕೂತವರು. ಮಿಸ್ ಲಾಟಿ ಸಭೆಯ ಮೇಲೆ ಕಣ್ಣಾಡಿಸಿ ಟೀಚರುಗಳ ಸಾಲಿನಲ್ಲಿ ನಿಲ್ಲಿಸಿದಳು.

“ಆರ್ಡೆಲಾ ಅಲ್ಲೇ ಕೂತಿದಾಳಲ್ಲ. ಅವಳನ್ನೇ ಕೇಳಿ. ನೀನು ಆಮೇಲೆ ಆ ಹೈಸ್ಕೂಲಿಗೇ ತಾನೇ ಬಂದಿದ್ದು? ನಾವು ಎಲ್ಲಾ ಹೊತ್ಕೊಂಡು ಬಂದ್ಬಿಟ್ಟಿದ್ವಿ. ನಿನ್ನ ಮಕ್ಕಳನ್ನ ಯಾವುದರ ಮೇಲೆ ಕೂರಿಸ್ದೆ ಪಾಪ?”

ಮದುವೆಮನೆಯಲ್ಲಿ ಅನ್ನ ಸಾಲದೆ ಹೋದಾಗ ಹೇಗೆ ನಿಭಾಯಿಸಿದೆ ಎಂದು ಒಬ್ಬ ಗೃಹಿಣಿ ಇನ್ನೊಬ್ಬಳನ್ನು ಕೇಳುವ ಧ್ವನಿ ಅದು. ಪ್ರೂಯಿಟ್ ಆರ್ಡೆಲಾಳ ಕಡೆ ತಿರುಗಿ ಬೇಡವೆಂದು ತಲೆಯಾಡಿಸಿದ. ಬಾಯಿ ಬಿಡುವುದಿಲ್ಲವೆಂದು ಅವಳು ಮಾತು ಕೊಟ್ಟಿದ್ದಳು. ಆದರೆ ಹಿರಿಯರು ಹೆಸರು ಹಿಡಿದು ಕೇಳಿದಾಗ ಸುಮ್ಮನಿರುವುದು ಅವಳ ತಾಯಿ ಕಲಿಸಿದ ನಡತೆಯಲ್ಲ. ಅವಳು ಎದ್ದು ನಿಂತಳು.

“ನೆಲದ ಮೇಲೆ, ಮಿಸ್ ಲಾಟಿ.”

“ಜನವರಿ ಚಳೀಲಿ?”

“ಹೌದು.”

“ಎಷ್ಟು ದಿನ?”

“ಈಸ್ಟರ್ ತನಕ.”

ಮಿಸ್ ಲಾಟಿ ನಾಲಿಗೆ ಲೊಚಗುಟ್ಟಿದಳು. “ನೋಡಿ ಹೇಗಿದಾರೆ ಶಿಕ್ಷಣ ಇಲಾಖೆಯೋರು! ಹೊಸದು ತರಿಸ್ಕೊಡೋಕೆ ಅಷ್ಟು ತಿಂಗಳು. ಯಾವತ್ತಿಗೂ ಸೋಮಾರಿಗಳು.”

ಆರ್ಡೆಲಾ ಕೂತಳು. ಕೈಚೀಲವನ್ನು ತೊಡೆಯ ಮೇಲೆ ನೆಟ್ಟಗೆ ಇಟ್ಟುಕೊಂಡಳು. ಹಾಡಲು ನೀಲಿ ಪಟ್ಟಿ ತೊಟ್ಟು ವೇದಿಕೆಯ ಪಕ್ಕದಲ್ಲಿ ಸಾಲು ನಿಂತಿದ್ದ ಮಕ್ಕಳಲ್ಲಿ ಟೆಂಪಲ್ ಇದ್ದಳು. ಒಂದೂವರೆ ವರ್ಷ ಆರ್ಡೆಲಾಳ ತರಗತಿಯಲ್ಲಿ ಕೂತು ಅವಳಿಗೆ ಕೇಳುವ ಚಟ ಹತ್ತಿತ್ತು.

“ಅಜ್ಜೀ, ಅವರ ಜೊತೆ ಕೂತಿದ್ರೆ ಏನಾಗ್ತಿತ್ತು?”

ಮಿಸ್ ಲಾಟಿ ಮೊಮ್ಮಗಳ ಕಡೆ ತಿರುಗಿದಳು. “ಏನಾಗ್ತಿತ್ತು ಅಂದ್ರೇನು? ಕೂರ್ಬಾರ್ದು ಅಂತ ತಾನೇ ಇಷ್ಟೆಲ್ಲಾ ಮಾಡಿದ್ದು!” ಎಂದು ರೇಗಿ, ಗವಸು ಸರಿಪಡಿಸಿಕೊಂಡು ಕೆಳಗಿಳಿದ ಮೇಲೆ ಬ್ಯಾಂಡು ಬಾರಿಸಿತು. ಅಷ್ಟು ಜೋರಾಗಿ ಅದು ಹಿಂದೆಂದೂ ಬಾರಿಸಿರಲಿಲ್ಲ. ಕೇಕು ಪೂರ್ತಿ ಖರ್ಚಾಯಿತು. ತಿನ್ನುವಾಗ ಮಾತಾಡಬೇಕಾಗಿಲ್ಲವಲ್ಲ.

ಸೋಮವಾರ ಪ್ರೂಯಿಟ್‌ನ ಕೋಣೆಯಲ್ಲಿ ಕಾಫಿ ಇರಲಿಲ್ಲ.

“ನೀವು ಬೇಕಂತ್ಲೇ ಮಾಡಿದ್ರಿ.”

“ನಾನೇನು ಹೇಳ್ದೆ ಸರ್? ನೆಲ, ಹೌದು, ಈಸ್ಟರ್. ಇದರಲ್ಲಿ ಯಾವುದು ಸುಳ್ಳು?”

“ಜ್ಯಾಕ್ಸನ್ ಪೇಪರಲ್ಲಿ ಬಂದ್ಬಿಟ್ಟಿದೆ!”

“ಸ್ಥಾಪಕರ ಬಾಯಿ ಮುಚ್ಚಿಸೋದು ನನ್ನ ಕೆಲಸ ಅಲ್ಲ. ಹೆಡ್‌ಮಾಸ್ಟರದ್ದು ಇರ್ಬೇಕು.”

ಅವಳನ್ನು ತೆಗೆಯಲು ಅವನಿಗೆ ಆಗುವಂತಿರಲಿಲ್ಲ. ಪತ್ರಿಕೆಯಲ್ಲಿ ಬಂದ ಮರುವಾರವೇ ಶಾಲೆಯ ಏಕಮಾತ್ರ ಕಪ್ಪು ಟೀಚರನ್ನು ಮನೆಗೆ ಕಳಿಸಿದರೆ ತೆರಿಗೆಯವರು ಬಾಗಿಲಲ್ಲಿ ನಿಲ್ಲುತ್ತಿದ್ದರು. ಮೇಲಾಗಿ ಇಂಥ ಚೆಂದದ ಕಾರ್ಯಕ್ರಮ ಇದುವರೆಗೆ ನಡೆದೇ ಇರಲಿಲ್ಲ ಎಂದು ಮಿಸ್ ಲಾಟಿ ಊರೆಲ್ಲ ಹೇಳಿಕೊಂಡು ಓಡಾಡುತ್ತಿದ್ದಳು. ಪ್ರೂಯಿಟ್ ಮಾರ್ಚ್ ತನಕ ಯೋಚಿಸಿ ಕರಾರು ಮುಂದಿಟ್ಟ. ಸಂಬಳ ಅದೇ, ವಿಷಯ ಬೇರೆ. “ಮುಂದಿನ ವರ್ಷದಿಂದ ನೀವು ಭೂಗೋಳ ತಗೊಳ್ಳಿ. ಇತಿಹಾಸ ನಾನೇ ತಗೋತೀನಿ.”

ಇದು ತಾಗಿತು. ತಾಗಲಿಲ್ಲ ಎಂದು ಅವಳು ಯಾರಿಗೂ ಹೇಳಲಿಲ್ಲ. ಇಪ್ಪತ್ತೇಳು ವರ್ಷ ಅವಳು ಬೇರೆ ಏನನ್ನೂ ಕಲಿಸಿರಲಿಲ್ಲ, ಕಲಿಸಬೇಕೆಂದು ಬಯಸಿಯೂ ಇರಲಿಲ್ಲ. ಬಾಯಿ ತನ್ನದಾಗಿ ಉಳಿಯಿತು, ವಿಷಯ ಕೈಬಿಟ್ಟುಹೋಯಿತು. ಅಂಗಡಿಯಲ್ಲಿ ಹೆಂಗಸರು ‘ನೆಲದ ಮೇಲೆ, ಮಿಸ್ ಲಾಟಿ’ ಎಂಬುದನ್ನು ಮತ್ತೆ ಮತ್ತೆ ಅಭಿನಯಿಸಿ ಬಿದ್ದು ಬಿದ್ದು ನಗುತ್ತಿದ್ದಾಗ ಅವಳು ಗೋಡೆ ಕಡೆ ನೋಡುತ್ತ ಕೂತಿದ್ದಳು.

“ಬಿಟ್ಟು ಬಂದ್ಬಿಡೇ ಅಕ್ಕ. ನದಿ, ಬೆಟ್ಟ, ರಾಜಧಾನಿ. ಅದೇನು ಕಲಿಸ್ತೀಯ? ಡೆಸ್ಕು ನೋಡಿದ್ದಾಯ್ತಲ್ಲ.”

“ಸಹಿ ಹಾಕಿ ಬಂದೆ.”

“ಯಾಕೆ?”

“ಮನೇಲಿ ಟೀವಿ ಇದೆ ಅಂತ.”

ಆಗಸ್ಟಿನಲ್ಲಿ ಹತ್ತನೇ ತರಗತಿಯ ಭೂಗೋಳ ಶುರುವಾಯಿತು. ಆಫ್ರಿಕಾ, ಏಷ್ಯಾ ಬೇಡ, ಮೊದಲು ಕಾಲ ಕೆಳಗಿನದು ನೋಡೋಣ ಎಂದು ಅವಳು ಊರಿನ ನಕ್ಷೆ ಬರೆದುಕೊಂಡು ಬರಲು ಹೇಳಿದಳು. ಟಾರು ರಸ್ತೆ ಎಲ್ಲಿಯವರೆಗೆ, ಬೀದಿದೀಪ ಎಲ್ಲಿಯವರೆಗೆ, ನಲ್ಲಿ ನೀರು, ಚರಂಡಿ ಕೊಳವೆ ಎಲ್ಲಿಯವರೆಗೆ, ಒಂದೊಂದಕ್ಕೂ ಒಂದೊಂದು ಬಣ್ಣ. ಮಕ್ಕಳು ಹುಟ್ಟಿದಾಗಿನಿಂದ ಆ ಊರಲ್ಲೇ ಇದ್ದವರು. ರೈಲು ಹಳಿಯ ಆಚೆ ಹೋದದ್ದು ಅದೇ ಮೊದಲು. ಸೈಕಲ್ ಮೇಲೆ ಸುತ್ತಿ, ಬಣ್ಣ ಹಚ್ಚಿ, ವಾರದ ಮೇಲೆ ಗೋಡೆಗೆ ಅಂಟಿಸಿದರು. ಅಂಟಿಸಿದ ಮೇಲೆ ಅದರ ಮುಂದೆಯೇ ನಿಂತರು.

“ಮಿಸ್,” ಎಂದಳು ಟೆಂಪಲ್, “ಎಲ್ಲಾ ಬಣ್ಣಾನೂ ಹಳಿ ಹತ್ರಾನೇ ನಿಂತ್ಬಿಟ್ಟಿವೆ. ಚರಂಡಿ ಕೂಡ.”

“ಸರಿಯಾಗಿ ಬರ್ದಿದೀರಿ.”

“ಯಾಕೆ ನಿಂತ್ವು, ಮಿಸ್?”

“ಎಲ್ಲಿ ನಿಂತ್ವು ಅನ್ನೋದು ಭೂಗೋಳ. ಯಾಕೆ ನಿಂತ್ವು ಅನ್ನೋದು ಇತಿಹಾಸ. ಅದು ನನ್ನ ವಿಷಯ ಅಲ್ಲ, ಮಿಸ್ಟರ್ ಪ್ರೂಯಿಟ್ ವಿಷಯ. ಅವರನ್ನ ಕೇಳಿ.”

“ನಾಳೆ ಅವರ ಕ್ಲಾಸಿದೆ, ಮಿಸ್.”

“ನಾಳೆ ತನಕ ಯಾಕೆ? ಈಗ ಕೋಣೇಲೇ ಇದಾರೆ. ಹೋಗಿ.”

“ಎಲ್ರೂನಾ?”

“ಎಲ್ರೂ. ಸಾಲಾಗಿ, ಗಲಾಟೆ ಇಲ್ದೆ. ಆ ನಕ್ಷೆ ಕಿತ್ಕೊಂಡು ಹೋಗಿ, ಅವರು ಮೆಂಫಿಸ್‌ನವರು, ಊರು ಗೊತ್ತಿಲ್ಲ. ಅವರು ಏನಂದ್ರೂ ಪೂರ್ತಿ ಕೇಳಿಸ್ಕೊಂಡು ಬನ್ನಿ. ಬಂದ್ಮೇಲೆ ನಂಗೂ ಹೇಳಿ. ನಂಗೂ ತಿಳ್ಕೋಬೇಕು ಅಂತಿದೆ.”

ಟೆಂಪಲ್ ನಕ್ಷೆಯನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಮುಂದೆ ಹೊರಟಳು, ಹಿಂದೆ ಇಡೀ ಹತ್ತನೇ ತರಗತಿ. ಆರ್ಡೆಲಾ ಬಾಗಿಲನ್ನು ಮುಚ್ಚದೆ ತೆರೆದೇ ಬಿಟ್ಟು ಬಂದು ಕೂತಳು. ಕಾರಿಡಾರಿನ ತುದಿಯಲ್ಲಿ ಬಾಗಿಲು ತಟ್ಟಿದ ಸದ್ದಾಯಿತು. “ಒಳಗೆ ಬನ್ನಿ,” ಎಂದ ಹೆಡ್‌ಮಾಸ್ಟರ್, ಎಷ್ಟು ಜನ ಬಂದಿದ್ದಾರೆಂದು ಗೊತ್ತಿಲ್ಲದವನ ಉತ್ಸಾಹದಲ್ಲಿ.